ಕಣ್ಣಿಗೆ ನಿಜ ಅನ್ನಿಸಿದರೆ ಸಾಕಾ?

‘ಅನುಭವಿ ವೈದ್ಯರಿಗೂ ಅಸಲಿ ಯಾವುದು, ಕೃತಕ ಯಾವುದು ಗೊತ್ತಾಗಲಿಲ್ಲ, ಹಾಗಾಗಿ ಈ ಅಲ್ಟ್ರಾಸೌಂಡ್ ವಿಡಿಯೋಗಳಿಂದಲೇ ಎಐಗೆ ತರಬೇತಿ ಕೊಡಬಹುದು’ ಅಂತ, ಹೃದಯದ ಕೃತಕ ಅಲ್ಟ್ರಾಸೌಂಡ್ ವಿಡಿಯೋಗಳನ್ನು ಎಐಯಿಂದ ತಯಾರಿಸುವ ಬಗ್ಗೆ ಬಂದ ಲೇಖನವೊಂದರಲ್ಲಿದೆ. ಆ ‘ಹಾಗಾಗಿ’ ನನಗೆ ಒಪ್ಪಿಗೆಯಾಗಲಿಲ್ಲ.

ಅಲ್ಟ್ರಾಸೌಂಡಿನಲ್ಲಿ ಮರಳು ಎರಚಿದಂತೆ ಕಾಣುವ ಚುಕ್ಕೆಗಳು, ಅಂದರೆ ಸ್ಪೆಕಲ್, ಸುಮ್ನೆ ಬಂದ ಗಲೀಜಲ್ಲ. ಅಂಗಾಂಶದೊಳಗೆ ಚದುರಿ ವಾಪಸ್ ಬಂದ ಧ್ವನಿ ಅಲೆಗಳು ಒಂದರ ಮೇಲೊಂದು ಬಿದ್ದು ಮೂಡುವ ಗುರುತು ಅದು. ಹೃದಯದ ಗೋಡೆ ಸರಿದರೆ ಅದೂ ಜೊತೆಗೇ ಸರಿಯುತ್ತದೆ. ಈ ಚುಕ್ಕೆಗಳ ಜಾಡು ಹಿಡಿದು ಹೃದಯದ ಚಲನೆ ಅಳೆಯುವ ಸ್ಪೆಕಲ್ ಟ್ರ್ಯಾಕಿಂಗ್ ನಿಂತಿರುವುದೇ ಇದರ ಮೇಲೆ. ಇಂಥ ವಿಡಿಯೋ ತಯಾರಿಸುವ ಎಐ, ಅಂದರೆ ಡಿಫ್ಯೂಷನ್ ಮಾಡೆಲ್‌ಗೆ ಸಾಮಾನ್ಯವಾಗಿ ಈ ಭೌತಶಾಸ್ತ್ರವನ್ನು ಯಾರೂ ಹೇಳಿಕೊಟ್ಟಿರುವುದಿಲ್ಲ. ಒಂದೊಂದು ಫ್ರೇಮ್ ಚೆಂದ ಕಂಡರೂ ಚುಕ್ಕೆಗಳು ಮುಂದಿನ ಫ್ರೇಮಿನಲ್ಲಿ ತಮ್ಮಿಷ್ಟದಂತೆ ಮಿನುಗಬಹುದು. ಕಣ್ಣು ಅದನ್ನು ಕ್ಷಮಿಸುತ್ತದೆ, ಹೃದಯದ ಸ್ನಾಯು ಎಷ್ಟು ಕುಗ್ಗಿ ಹಿಗ್ಗುತ್ತದೆ ಅನ್ನುವ ಸ್ಟ್ರೇನ್ ಅಳತೆ ಕ್ಷಮಿಸುವುದಿಲ್ಲ.

ಇನ್ನು ಡೇಟಾ ವಿಷಯ. ಇಂಥ ಕೆಲಸಕ್ಕೆ ಬಳಸುವ ಸ್ಟ್ಯಾನ್‌ಫರ್ಡ್‌ನ ಎಕೋನೆಟ್-ಡೈನಾಮಿಕ್ ಎಂಬ ಹೃದಯದ ವಿಡಿಯೋ ಸಂಗ್ರಹದಲ್ಲಿ 10,030 ವಿಡಿಯೋಗಳಿವೆ. ಎಲ್ಲವೂ ನಾಲ್ಕು ಕೋಣೆ ಕಾಣುವ ಒಂದೇ ನೋಟದವು, ಅದೂ 112×112 ಪಿಕ್ಸೆಲ್‌ಗೆ ಇಳಿಸಿದವು. ಅಷ್ಟು ಚಿಕ್ಕ ಚಿತ್ರದಲ್ಲಿ ಯಾರಿಗೆ ತಾನೇ ವ್ಯತ್ಯಾಸ ಗೊತ್ತಾಗುತ್ತೆ? ಇಜೆಕ್ಷನ್ ಫ್ರಾಕ್ಷನ್, ಅಂದರೆ ಪ್ರತಿ ಬಡಿತಕ್ಕೆ ಹೃದಯದ ಕೋಣೆ ಹೊರದೂಡುವ ರಕ್ತದ ಪಾಲು, ಶೇಕಡಾ 30 ಇರುವ ವಿಡಿಯೋ ಕೇಳಿದರೆ ಮಾಡೆಲ್ 30ರದ್ದೇ ಕೊಡುತ್ತದೆ, ಸರಿ. ಆದರೆ ಅದನ್ನು ಅಳೆಯುವ ಮಾಡೆಲ್ಲೂ ಇದೇ ರಾಶಿಯಲ್ಲಿ ಕಲಿತಿದ್ದರೆ? ತನ್ನ ಉತ್ತರ ಪತ್ರಿಕೆ ತಾನೇ ತಿದ್ದಿಕೊಂಡ ಹಾಗೆ ಅಲ್ವಾ.

ಹೃದಯ ತುಂಬಾ ದುರ್ಬಲವಾದವರ ವಿಡಿಯೋ ಕಡಿಮೆ ಇರುವಲ್ಲಿ ಈ ತಂತ್ರ ನೆರವಾಗಬಹುದು, ಅದನ್ನು ಒಪ್ಪುತ್ತೇನೆ. ಬೇರೆ ಆಸ್ಪತ್ರೆಯ, ಬೇರೆ ಮೆಷಿನ್ನಿನ ಅಸಲಿ ವಿಡಿಯೋಗಳ ಮೇಲೆ ಫಲಿತಾಂಶ ಎಷ್ಟು ಸುಧಾರಿಸಿತು ಅನ್ನುವ ಒಂದು ಸಾಲು ಲೇಖನದಲ್ಲಿ ಹುಡುಕಿದೆ. ಸಿಗಲಿಲ್ಲ.