ಗಿಡಕ್ಕೆ ಫಿಲ್ಟರ್ ನೀರು ಯಾಕೆ?

ಹಾಸನದ ನಮ್ಮ ಬಡಾವಣೆ ಪಾರ್ಕು, ಕೈತೋಟಕ್ಕೆ ಕೆರೆ ನೀರಿನ ಬೇರೆ ಲೈನ್ ಎಳೆಯೋಕೆ ಸರ್ಕಾರಿ ಸಾಲ ತಗೋಬೇಕು ಅನ್ನೋ ಪ್ರಸ್ತಾಪಕ್ಕೆ ನನ್ನ ಪೂರ್ತಿ ಬೆಂಬಲ ಇದೆ. ಹಾಸನಕ್ಕೆ ಹೇಮಾವತಿ ನೀರನ್ನ ಗೊರೂರಿಂದ ಪಂಪ್ ಮಾಡಿ, ಕೆಸರು ಇಳಿಸಿ, ಸೋಸಿ, ಕ್ಲೋರಿನ್ ಹಾಕಿ ಕಳಿಸ್ತಾರೆ, ಅಷ್ಟು ಖರ್ಚಿನ ನೀರನ್ನ ನಾವು ಬೇಸಿಗೇಲಿ ದಾಸವಾಳಕ್ಕೆ, ತೆಂಗಿನ ಬುಡಕ್ಕೆ ಬಿಡ್ತೀವಿ, ಅದೇ ಹೊತ್ತಿಗೆ ಎತ್ತರದ ಕ್ರಾಸ್‌ನೋರು ಕೊಡ ಇಟ್ಕೊಂಡು ಕಾಯ್ತಿರ್ತಾರೆ. ಆದ್ರೆ ಸಾಲ ಅಂದ್ರೆ ಅನುದಾನ ಅಲ್ಲ, ಬಡ್ಡಿ ಸಮೇತ ಕಟ್ಬೇಕು, ಅದ್ರ ಮೇಲೆ ಮೋಟರ್ ಕರೆಂಟ್ ಬಿಲ್ಲು, ಪಾಚಿ ಕಟ್ಟೋ ಜಾಲರಿ ಕ್ಲೀನ್ ಮಾಡೋ ಕೂಲಿ. ಸೈಟ್ ಅಳತೆ ನೋಡಿ ವಂತಿಗೆ ಹಾಕಿ, ತೋಟಾನೇ ಇಲ್ಲದ ಬಾಡಿಗೆ ಮನೆಯವರ ಮೇಲೆ ದಯವಿಟ್ಟು ಹೊರೆ ಹಾಕ್ಬೇಡಿ. ಇನ್ನೊಂದು, ಈ ಪೈಪಿನ ಬಣ್ಣ ಬೇರೆ ಇರ್ಲಿ, ಕುಡಿಯೋ ನೀರಿನ ಲೈನಿಗೆ ಯಾರೂ ಜಾಯಿಂಟ್ ಕೊಡದಂಗೆ ನೋಡ್ಕೊಳ್ಳಿ, ಆಟ ಆಡೋ ಮಕ್ಕಳು ಪಾರ್ಕಿನ ನಲ್ಲಿಗೇ ಬಾಯಿ ಇಡ್ತವೆ.