ಅವ್ವನ ಹುಲಿ–ಕುರಿ ಆಟಕ್ಕೆ 48 ಕೆಬಿ ಸಾಕಾಯಿತು

ಒಂಬತ್ತು ತಿಂಗಳಿಂದ ರಾತ್ರಿ ಊಟವಾದ ಮೇಲೆ ಕುಳಿತು ಮಾಡುತ್ತಿದ್ದ ಕೆಲಸ ಮೊನ್ನೆ ಮುಗಿಯಿತು. ನಮ್ಮ ಹುಲಿ–ಕುರಿ ಆಟ ಈಗ 1982ರ ಝಡ್‌ಎಕ್ಸ್ ಸ್ಪೆಕ್ಟ್ರಮ್ ಕಂಪ್ಯೂಟರಿನಲ್ಲಿ ಓಡುತ್ತದೆ, ಅದೂ ಕನ್ನಡದಲ್ಲಿ. ಗಂಗಾವತಿಯ ಗೆಳೆಯರು ಎರಡು ಪ್ರಶ್ನೆ ಕೇಳಿದರು. ಯಾರೂ ಬಳಸದ ಯಂತ್ರಕ್ಕೆ ಆಟ ಏಕೆ? ಹೊಸ ಲ್ಯಾಪ್‌ಟಾಪಿನಲ್ಲಿ ಬರೆದು ಹಳೆಯ ಯಂತ್ರದ ಆಟ ಎನ್ನುವುದು ಮೋಸವಲ್ಲವೇ?

ಎರಡನೆಯ ಪ್ರಶ್ನೆ ನನ್ನನ್ನು ಹೆಚ್ಚು ಕಾಡಿತು. ಮೋಸವಲ್ಲ. ಸ್ಪೆಕ್ಟ್ರಮ್‌ನ ಹೆಸರಾಂತ ಆಟ ‘ಮ್ಯಾನಿಕ್ ಮೈನರ್’ ಅನ್ನು 1983ರಲ್ಲಿ ಮ್ಯಾಥ್ಯೂ ಸ್ಮಿತ್ ಬರೆದದ್ದು ಸ್ಪೆಕ್ಟ್ರಮ್ ಮೇಲಲ್ಲ, ಟಿಆರ್‌ಎಸ್-80 ಎಂಬ ಬೇರೆ ಯಂತ್ರದಲ್ಲಿ. ಅನುಕೂಲವಾದ ಕಡೆ ಕುಳಿತು ಬರೆಯುವುದು ಆಗಲೂ ಇತ್ತು. ನಾನು ವಿಎಸ್ ಕೋಡ್ ಎಂಬ ಎಡಿಟರಿನಲ್ಲಿ ಬರೆಯುತ್ತೇನೆ, ಎಸ್‌ಜಾಸ್ಮ್‌ಪ್ಲಸ್ ಅಸೆಂಬ್ಲರ್ ಅದನ್ನು ಕಣ್ಣು ಮಿಟುಕಿಸುವುದರೊಳಗೆ ಯಂತ್ರಭಾಷೆಗೆ ಇಳಿಸುತ್ತದೆ, ಲ್ಯಾಪ್‌ಟಾಪನ್ನೇ ಸ್ಪೆಕ್ಟ್ರಮ್‌ನಂತೆ ನಟಿಸುವಂತೆ ಮಾಡುವ ಫ್ಯೂಸ್ ಎಂಬ ಎಮ್ಯುಲೇಟರಿನಲ್ಲಿ ಆಡಿ ನೋಡುತ್ತೇನೆ. ಸಲಕರಣೆ ಎಷ್ಟು ಹೊಸದಾದರೂ ಇರಲಿ. ಯಂತ್ರದ ವಿಷಯದಲ್ಲಿ ಮಾತ್ರ ಒಂದು ಬೈಟಿನ ರಿಯಾಯಿತಿಯನ್ನೂ ತೆಗೆದುಕೊಳ್ಳಬಾರದು. ಈ ಮಾತಿನಲ್ಲಿ ನಾನು ಹಟಮಾರಿ.

ಆ ಯಂತ್ರಕ್ಕೆ ಇರುವುದು 48 ಕೆಬಿ ನೆನಪು, 3.5 ಮೆಗಾಹರ್ಟ್ಸ್ ವೇಗದ ಝಡ್80 ಪ್ರೊಸೆಸರ್. ಪರದೆಯೊಂದೇ 6,912 ಬೈಟ್ ನುಂಗುತ್ತದೆ. ಮೊದಲ ಸಲ ನಾನು ಪ್ರತಿ ನಡೆಗೂ ಇಡೀ ಪರದೆಯನ್ನು ಹೊಸದಾಗಿ ನಕಲಿಸುತ್ತಿದ್ದೆ. ಎಲ್‌ಡಿಐಆರ್ ಎಂಬ ಆದೇಶ ಒಂದು ಬೈಟ್ ನಕಲಿಸಲು 21 ಗಡಿಯಾರ ಮಿಡಿತ ತೆಗೆದುಕೊಳ್ಳುತ್ತದೆ. ಇಡೀ ಪರದೆಗೆ 1,45,152. ಸೆಕೆಂಡಿಗೆ ಐವತ್ತು ಸಲ ಚಿತ್ರ ಮೂಡಿಸುವ ಆ ಯಂತ್ರದಲ್ಲಿ ಒಂದು ಚಿತ್ರಕ್ಕೆ ಸಿಗುವುದು 69,888 ಮಿಡಿತ ಮಾತ್ರ. ಹುಲಿ ನೆಗೆದಾಗ ಪರದೆ ಮೇಲಿನಿಂದ ಕೆಳಗೆ ಹರಿದಂತೆ ಕಾಣುತ್ತಿದ್ದದ್ದು ಇದಕ್ಕೇ. ಹುಲಿ–ಕುರಿ ಪಟದಲ್ಲಿ 23 ಬಿಂದುಗಳಿವೆ; ಒಂದು ನಡೆಯಲ್ಲಿ ಬದಲಾಗುವುದು ಹೆಚ್ಚೆಂದರೆ ಮೂರು. ಆ ಮೂರನ್ನಷ್ಟೇ ಬರೆದೆ, ಹರಿಯುವುದು ನಿಂತಿತು.

ಬಣ್ಣದ ಕಥೆ ಇನ್ನೂ ಚೆಂದ. ಸ್ಪೆಕ್ಟ್ರಮ್‌ನಲ್ಲಿ ಎಂಟು ಚುಕ್ಕೆ ಅಗಲ, ಎಂಟು ಚುಕ್ಕೆ ಎತ್ತರದ ಒಂದು ಮನೆಯೊಳಗೆ ಎರಡೇ ಬಣ್ಣ. ಹಳದಿ ಹುಲಿ ಬಿಂದುವಿನ ಮೇಲೆ ಕುಳಿತರೆ ಅಲ್ಲಿ ಹಾಯುವ ಬಿಳಿ ಗೆರೆಯೂ ಹಳದಿಯಾಗುತ್ತದೆ. ಎರಡು ವಾರ ಇದರೊಂದಿಗೆ ಗುದ್ದಾಡಿದೆ. ಒಂದು ರಾತ್ರಿ ನೋಡುತ್ತಾ ಕುಳಿತಿದ್ದಾಗ ಹೊಳೆಯಿತು: ಹುಲಿಯಿಂದ ಹೊರಡುವ ದಾರಿಗಳು ಸ್ವಲ್ಪ ದೂರ ಹುಲಿಯ ಬಣ್ಣದಲ್ಲಿ ಬೆಳಗುತ್ತಿದ್ದರೆ, ಅದು ಎತ್ತ ನೆಗೆಯಬಹುದು ಎಂಬುದು ಕಣ್ಣಿಗೆ ತಾನಾಗಿ ಬೀಳುತ್ತದೆ. ನಾನು ದೋಷ ಎಂದುಕೊಂಡಿದ್ದು ಆಟದ ಅತ್ಯುತ್ತಮ ಸೂಚನೆಯಾಯಿತು. ಈಗ ಅದನ್ನು ಬೇಕೆಂದೇ ಹೆಚ್ಚಿಸಿದ್ದೇನೆ.

ಕನ್ನಡ ಅಕ್ಷರ ಆ ಎಂಟು ಚುಕ್ಕೆಯ ಮನೆಯಲ್ಲಿ ಹಿಡಿಯಲಿಲ್ಲ. ‘ಗೆದ್ದಿತು’ ಎಂದು ಬರೆಯಲು ಹೋದರೆ ಒತ್ತಕ್ಷರಕ್ಕೆ ಜಾಗವೇ ಇಲ್ಲ. ನಾಲ್ಕು ಮನೆ ಸೇರಿಸಿ ಒಂದು ಅಕ್ಷರ ಮಾಡಿದೆ, ತಲಾ 32 ಬೈಟ್. ಆಟದಲ್ಲಿ ಬರುವ ಮಾತುಗಳನ್ನೆಲ್ಲ ಹಾಳೆಯಲ್ಲಿ ಬರೆದು ಎಣಿಸಿದರೆ 64 ಅಕ್ಷರರೂಪಗಳು ಸಾಕಾದವು. ಎರಡು ಕೆಬಿಯಲ್ಲಿ ಕನ್ನಡ ಬಂದು ಕುಳಿತಿತು. ‘ದ್ದಿ’ಯ ಒತ್ತನ್ನು ಐದು ಸಾಲು ಚುಕ್ಕೆಗಳಲ್ಲಿ ತಿದ್ದಿದ ಸಂಜೆ ನನಗೆ ಆದ ಸಂತೋಷವನ್ನು ಹೇಗೆ ಹೇಳಲಿ!

ಎಮ್ಯುಲೇಟರ್ ಬಗ್ಗೆ ಒಂದು ಎಚ್ಚರಿಕೆ. ಆರಂಭದಲ್ಲಿ ನಾನು ಮೊಬೈಲಿನಲ್ಲಿದ್ದ ಒಂದು ಸರಳ ಎಮ್ಯುಲೇಟರನ್ನು ನಂಬಿದ್ದೆ. ಅದರಲ್ಲಿ ಗೆಲುವಿನ ರಾಗ ಇಂಪಾಗಿತ್ತು. ಪುಣೆಯ ಗೆಳೆಯರೊಬ್ಬರ ಬಳಿ ‘ಡಿಬಿ ಸ್ಪೆಕ್ಟ್ರಮ್ ಪ್ಲಸ್’ ಇದೆ. 1980ರ ದಶಕದಲ್ಲಿ ಪರವಾನಗಿ ಪಡೆದು ನಮ್ಮ ದೇಶದಲ್ಲೇ ಮಾರಿದ ಯಂತ್ರ. ಆ ಯಂತ್ರಕ್ಕೆ ಆಟ ತುಂಬುವುದು ಟೇಪಿನ ಧ್ವನಿಯಿಂದ, ಆದರೆ ಅವರ ಟೇಪ್ ರೆಕಾರ್ಡರ್ ಕೆಟ್ಟಿದೆ. ಹಾಗಾಗಿ ಆಟವನ್ನು ಧ್ವನಿಯ ಕಡತವಾಗಿ ಮೊಬೈಲಿನಿಂದಲೇ ಯಂತ್ರದ ಕಿವಿಗೆ ಊದಿದರು. 11 ಕೆಬಿ ಆಟ ಸುಮಾರು ಒಂದು ನಿಮಿಷದಲ್ಲಿ ಇಳಿಯಿತು. ರಾಗ ಮಾತ್ರ ಗಂಟಲು ಕಟ್ಟಿದಂತೆ ಕೇಳಿಸಿತು. ಕಾರಣ ಆಮೇಲೆ ತಿಳಿಯಿತು. ನೆನಪಿನ ಮೊದಲ 16 ಕೆಬಿಯನ್ನು ಪ್ರೊಸೆಸರ್ ಮತ್ತು ಪರದೆಯ ಚಿಪ್ ಹಂಚಿಕೊಳ್ಳುತ್ತವೆ. ಚಿತ್ರ ಮೂಡುವಾಗ ಪ್ರೊಸೆಸರ್ ಕಾಯಬೇಕು. ನನ್ನ ರಾಗದ ಕೋಡ್ ಅದೇ ಜಾಗದಲ್ಲಿತ್ತು. ಅದನ್ನು ಆ ಹಂಚಿಕೆಯ ಜಾಗ ಮುಗಿಯುವ 32768ನೇ ವಿಳಾಸದ ಆಚೆಗೆ ಎತ್ತಿಟ್ಟೆ, ಬಹುಪಾಲು ಸರಿಹೋಯಿತು. ಫ್ಯೂಸ್ ಈ ಕಾಯುವಿಕೆಯನ್ನೂ ಲೆಕ್ಕ ಹಾಕುತ್ತದೆ. ನಿಮ್ಮ ತಪ್ಪನ್ನು ಮುಚ್ಚಿಡುವ ಎಮ್ಯುಲೇಟರ್ ಬೇಡ. ಯಂತ್ರದಷ್ಟೇ ಕಟ್ಟುನಿಟ್ಟಾದದ್ದನ್ನು ಆರಿಸಿಕೊಳ್ಳಿ.

ಇನ್ನು ‘ಏಕೆ’ ಎಂಬ ಪ್ರಶ್ನೆ. ಹಗಲು ನಾನು ಅಕ್ಕಿ ಗಿರಣಿಗಳಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡುತ್ತೇನೆ. ಅದು ಯಾರೋ ಬರೆದ ಹತ್ತಾರು ಪದರಗಳ ಮೇಲೆ ನಿಂತಿದೆ. ತಳದಲ್ಲಿ ಏನಾಗುತ್ತಿದೆ ಎಂದು ನನಗೆ ಕಾಣುವುದಿಲ್ಲ. ಇಲ್ಲಿ ಪ್ರತಿ ಬೈಟೂ ನನ್ನದು, ಪ್ರತಿಯೊಂದರ ವಿಳಾಸವೂ ಗೊತ್ತು. ಕೊಪ್ಪಳ, ರಾಯಚೂರು, ಬಳ್ಳಾರಿಯ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಇದನ್ನು ಒಂದು ಸಲವಾದರೂ ಅನುಭವಿಸಬೇಕು ಎಂದು ನನಗೆ ಬಲವಾಗಿ ಅನಿಸುತ್ತದೆ. ನಾನು ಹೇಳಿದ ಸಲಕರಣೆಗಳೆಲ್ಲ ಉಚಿತ, ಹಳೆಯ ಲ್ಯಾಪ್‌ಟಾಪೂ ಸಾಕು.

ಅವ್ವ ನಮಗೆ ಈ ಆಟ ಕಲಿಸಿದ್ದು ಕಟ್ಟೆಯ ಮೇಲೆ ಸುಣ್ಣದಲ್ಲಿ ಗೆರೆ ಎಳೆದು: ಮೂರು ಹುಲಿಗೆ ಮೂರು ಕಲ್ಲು, ಹದಿನೈದು ಕುರಿಗೆ ಹುಣಸೆ ಬೀಜ. ಹೊಳೆಯಾಚೆ ಹಂಪಿಯ ಕಲ್ಲುಹಾಸಿನ ಮೇಲೂ ಆಟದ ಪಟಗಳನ್ನು ಕೆತ್ತಿದ್ದಾರೆ. ಭಾನುವಾರ ಅವ್ವ ಕುರಿಗಳನ್ನು ಆಡಿಸಿ ನನ್ನ ಮೂರೂ ಹುಲಿಗಳನ್ನು ಕಟ್ಟಿಹಾಕಿದರು. ಆಮೇಲೆ ಒಂದು ತಕರಾರು ತೆಗೆದರು. ಐದು ಕುರಿ ಸತ್ತರೆ ಹುಲಿ ಗೆದ್ದಂತೆ ಎಂದು ನಾನು ಬರೆದಿದ್ದೆ. ಅವರ ತವರಿನಲ್ಲಿ ಏಳು ಸಾಯಬೇಕಂತೆ.

ಕೋಡಿನಲ್ಲಿ ಆ ಸಂಖ್ಯೆ ಒಂದೇ ಒಂದು ಬೈಟ್. ಸಿಂಧನೂರು, ಮಸ್ಕಿ, ಕುಷ್ಟಗಿ, ಸಿರುಗುಪ್ಪ ಕಡೆಯವರು ನಿಮ್ಮ ಮನೆಯಲ್ಲಿ ಎಷ್ಟು ಕುರಿಗೆ ಆಟ ಮುಗಿಯುತ್ತಿತ್ತು ಎಂದು ಬರೆಯಿರಿ. ಊರಿನ ಹೆಸರಿನೊಂದಿಗೆ ಆಟದೊಳಗೆ ಸೇರಿಸುತ್ತೇನೆ. ಹೆಸರಿಗೆ ಹೊಸ ಅಕ್ಷರ ಬೇಕಾದರೆ 32 ಬೈಟ್, ಜಾಗ ಇದೆ.