ಈ ‘ಓಕೆ’ಗೆ ಅರ್ಥ ಏನ್ರಿ?

ಯಾವುದಕ್ಕ ಕೇಳಿದ್ರೂ ‘ಓಕೆ’ ಅನ್ನೋ ಚಾಳಿ ನಮ್ಮ ರಾಯಚೂರಾಗ ವಿಪರೀತ ಆಗೇತಿ. ಮೊನ್ನೆ ಕೂಲರ್ ರಿಪೇರಿಯವರಿಗೆ ವಾಟ್ಸಾಪ್ ಮಾಡಿದೆ: ‘ಅಣ್ಣಾರ, ನಾಳೆ ಮುಂಜಾನೆ ಬರ್ತೀರೋ, ಸಂಜಿಗೆ ಬರ್ತೀರೋ?’ ಬಂದ ಉತ್ತರ, ‘ಓಕೆ’. ಯಾವುದು ಓಕೆ? ಮೇ ತಿಂಗಳ ಬಿಸಿಲು 40 ಡಿಗ್ರಿ ದಾಟೇತಿ, ಮನ್ಯಾಗ ವಯಸ್ಸಾದ ಅವ್ವ ಒದ್ದಿ ಟವೆಲ್ ಹೊದ್ಕೊಂಡು ಕುಂತಾಳ. ದಿನಾ ಪೂರ್ತಿ ಕಾದ್ವಿ, ಯಾರೂ ಬರಲಿಲ್ಲ. ಫೋನ್ ಹಚ್ಚಿದ್ರ, ‘ಮೆಸೇಜ್ ನೋಡೀನಿ ಅಂತ ಓಕೆ ಹಾಕಿದ್ನಿರಿ’ ಅಂದ್ರು. ಸಿಟ್ಟು ಬರಲಾರದ ಇರ್ತದೇನು?

ಈ ‘ಓಕೆ’ 1839ರ ಮಾರ್ಚ್ 23ರಂದು ಅಮೆರಿಕದ ಬಾಸ್ಟನ್ನಿನ ಪತ್ರಿಕೆಯೊಂದರಾಗ ಅಚ್ಚಾದ ಪದ. ‘ಆಲ್ ಕರೆಕ್ಟ್’ ಅನ್ನೋದನ್ನ ಬೇಕಂತಲೇ ‘ಓಲ್ ಕೊರೆಕ್ಟ್’ ಅಂತ ತಪ್ಪು ಬರೆದು ಇಂಗ್ಲಿಷಿನ ಮೊದಲಕ್ಷರ ‘ಓ’, ‘ಕೆ’ ತಗೊಂಡಿದ್ರು. ಮರುವರ್ಷ ಅಮೆರಿಕದ ಚುನಾವಣೆಯಾಗ ನಿಂತಿದ್ದ ಅಧ್ಯಕ್ಷ ಮಾರ್ಟಿನ್ ವ್ಯಾನ್ ಬ್ಯೂರನ್ ಅವರ ‘ಓಲ್ಡ್ ಕಿಂಡರ್‌ಹುಕ್’ ಅನ್ನೋ ಅಡ್ಡಹೆಸರಿಗೂ ಅದು ಹೊಂದಿತು, ಊರೂರಿಗೆ ಹಬ್ಬಿತು. ಅಂದ್ರ ಅರ್ಥ ‘ಎಲ್ಲಾ ಸರಿ ಐತಿ’ ಅಂತ. ನಮ್ಮಲ್ಲಿ ಅದು ‘ನೋಡಿದೆ’, ‘ಒಪ್ಪಿದೆ’, ‘ಸಾಕು ಬಿಡು’ ಎಲ್ಲಾನೂ ಆಗೇತಿ. ಸಂಬಂಧಿಕರು ತೀರ್ಕೊಂಡ ಸುದ್ದಿ ಗ್ರೂಪಿಗೆ ಹಾಕಿದ್ರ ಅದರ ಕೆಳಗೂ ಓಕೆ! ಹೊಟ್ಟಿ ಉರೀತದ.

‘ಆತ್ರಿ’, ‘ಬರ್ತೀನ್ರಿ’, ‘ಆಗಂಗಿಲ್ರಿ’ ಅನ್ನಾಕ ಎಷ್ಟೊತ್ತು ಬೇಕು? ‘ನೋಡೋಣು’ ಅಂದ್ರೂ ನಡೀತದ. ಬರೋ ಗ್ಯಾರಂಟಿ ಇಲ್ಲ ಅಂತ ತಿಳ್ಕೊಂಡು ನಾವು ಬ್ಯಾರೆ ದಾರಿ ಹುಡುಕ್ತೀವಿ.